ರೋಗದ ಸಾಲನ್ನು ಕೀಳಿಸಿದವರಿಗೆ

ಭತ್ತದ ಹೊಸ ತಳಿಗಳ ಕ್ಷೇತ್ರ ಪರೀಕ್ಷೆಯ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ರೋಗ ಬರಲೆಂದೇ ನೆಟ್ಟ ಪೈರನ್ನು, ರೋಗ ಬಂದಿದೆ ಎಂಬ ಕಾರಣಕ್ಕೆ ತಾವು ಕೀಳಿಸಿದಿರಿ. ನನ್ನ ದೂರು ಇಷ್ಟೇ. ನಡೆದದ್ದನ್ನು ಮೊದಲು ಕ್ರಮವಾಗಿ ಹೇಳಿಬಿಡುತ್ತೇನೆ, ಅಭಿಪ್ರಾಯ ಆಮೇಲೆ.

೧. ಕಳೆದ ಮುಂಗಾರಿನಲ್ಲಿ ಕಣೇಕಲ್ ಬಯಲಿನ ಕಾಲುವೆಯ ಕೊನೆಯಲ್ಲಿರುವ ಉಚ್ಚಂಗಮ್ಮನವರ ಗದ್ದೆಯಲ್ಲಿ, ಭತ್ತದ ಕೆಲವು ಹೊಸ ತಳಿಗಳು ಬೆಂಕಿ ರೋಗವೆಂಬ ಶಿಲೀಂಧ್ರ ರೋಗವನ್ನು ತಡೆಯಬಲ್ಲವೇ ಎಂದು ತಿಳಿಯುವ ಪರೀಕ್ಷೆಯನ್ನು ತಮ್ಮ ಕಚೇರಿ ಏರ್ಪಡಿಸಿತು. ನನ್ನನ್ನು ತಾಂತ್ರಿಕ ವೀಕ್ಷಕನನ್ನಾಗಿ ನೇಮಿಸಿತು.

೨. ಇಂಥ ಪರೀಕ್ಷೆಯಲ್ಲಿ, ಹೊಸ ತಳಿಗಳ ನಡುನಡುವೆ, ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಹಳೆಯ ತಳಿಯೊಂದರ ಸಾಲನ್ನು ಬೇಕೆಂದೇ ನೆಡಲಾಗುತ್ತದೆ. ಆ ಸಾಲಿಗೆ ರೋಗ ಹಿಡಿಯಬೇಕು. ಅಲ್ಲಿಂದ ಅಕ್ಕಪಕ್ಕದ ಸಾಲುಗಳ ಮೇಲೆ ರೋಗದ ಬೀಜಕಣಗಳು ಸುರಿಯಬೇಕು. ಆಗ ಯಾವ ತಳಿ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತಿಳಿಯುತ್ತದೆ. ಊರಿನವರು ಇದಕ್ಕೆ ರೋಗದ ಸಾಲು ಎಂದು ಹೆಸರಿಟ್ಟರು.

೩. ರೋಗದ ಸಾಲಿಗೆ ರೋಗ ಬಂತು.

೪. ಗಣ್ಯರೊಬ್ಬರು ಗದ್ದೆ ನೋಡಲು ಬರುವ ಹಿಂದಿನ ದಿನ, ತಮ್ಮ ಬಾಯಿಮಾತಿನ ಆದೇಶದಂತೆ ರೋಗದ ಸಾಲುಗಳನ್ನೆಲ್ಲ ಕೀಳಲಾಯಿತು. ಉಳಿದ ಪೈರಿಗೆ ಶಿಲೀಂಧ್ರನಾಶಕವನ್ನು ಸಿಂಪಡಿಸಲಾಯಿತು.

೫. ಖಾಲಿಯಾದ ಸಾಲುಗಳು ಕಣ್ಣಿಗೆ ಬೀಳದಿರಲೆಂದು, ಬದುವಿನಾಚೆಯ ಗದ್ದೆಯಿಂದ ಕುಡುಗೋಲಿನಲ್ಲಿ ಕೊಯ್ದು ತಂದ ಹಸಿರು ಪೈರಿನ ಹಿಡಿಗಳನ್ನು ಕೆಸರಿಗೆ ಚುಚ್ಚಿ ನಿಲ್ಲಿಸಲಾಯಿತು. ಅವಕ್ಕೆ ಬೇರುಗಳಿರಲಿಲ್ಲ.

೬. ‘ಪರೀಕ್ಷಿಸಿದ ಎಲ್ಲ ತಳಿಗಳೂ ಬೆಂಕಿ ರೋಗಕ್ಕೆ ಸಂಪೂರ್ಣ ನಿರೋಧಕವಾಗಿವೆ’ ಎಂದು ತಾವು ವರದಿ ಕೊಟ್ಟಿರಿ. ಅವುಗಳಲ್ಲಿ ಒಂದನ್ನು ಬರುವ ಮುಂಗಾರಿಗೆ ಕಾಲುವೆ ಕೊನೆಯ ಹಳ್ಳಿಗಳಿಗೆಲ್ಲ ಹಂಚಲಿದ್ದೀರಿ. ಬೀಜ ಪಡೆದವರು ಇಡೀ ಗದ್ದೆಗೆ ಅದೊಂದನ್ನೇ ಹಾಕಬೇಕೆಂಬುದು ಷರತ್ತು.

೭. ಈ ಬಗ್ಗೆ ನಾನು ತಮ್ಮ ಕಚೇರಿಯ ಭಾಷೆಯಾದ ತೆಲುಗಿನಲ್ಲಿ ಬರೆದುಕೊಟ್ಟ ಅರ್ಜಿಗಳಿಗೆ ಉತ್ತರ ಬಂದಿಲ್ಲ.

ಈ ಸಂಗತಿಗಳಲ್ಲಿ ಯಾವುದಾದರೂ ತಪ್ಪಿದ್ದರೆ ತಾವು ತಿದ್ದಬೇಕು. ಏಳನೆಯದನ್ನು ತಿದ್ದುವುದು ಎಲ್ಲಕ್ಕಿಂತ ಸುಲಭ. ನನ್ನ ತೆಲುಗಿನಲ್ಲೇ ದೋಷವಿತ್ತೇನೋ ಎಂಬ ಅನುಮಾನದಿಂದ ಈ ಸಲ ಕನ್ನಡದಲ್ಲಿ, ಬಳ್ಳಾರಿಯ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಬೆಳಗಿನ ಚಹಾದ ಜೊತೆ ಈ ಪತ್ರಿಕೆಯನ್ನು ಓದಿ ಪಕ್ಕದ ಮೇಜಿಗೆ ದಾಟಿಸುವವರಿದ್ದಾರೆಂದು ಬಲ್ಲೆ. ಅರ್ಜಿಗಿಂತ ಅದು ವೇಗವಾದ ದಾರಿ.

ನಾನು ಯಾರೆಂದು ಎರಡು ಮಾತು. ಸಸ್ಯರೋಗ ಶಾಸ್ತ್ರ ಓದಿದವನು. ಬಿತ್ತನೆ ಬೀಜದ ಪ್ರಯೋಗಾಲಯಗಳಲ್ಲಿ ಬಹುಕಾಲ ದುಡಿದು, ಈಗ ರಾಯದುರ್ಗದ ಬಸ್ ನಿಲ್ದಾಣದ ಹಿಂದೆ ಮಣ್ಣು ಮತ್ತು ಬೀಜ ಪರೀಕ್ಷಿಸುವ ಪುಟ್ಟ ಕೋಣೆಯೊಂದನ್ನು ಇಟ್ಟುಕೊಂಡಿದ್ದೇನೆ. ವಯಸ್ಸು ಐವತ್ತು ದಾಟಿದೆ. ಹೆಚ್ಚು ಮಾತನಾಡುವ ಅಭ್ಯಾಸವಿಲ್ಲ. ಮನೆಯಲ್ಲಿ ಇದನ್ನು ಗುಣವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೆ ಶಿಲೀಂಧ್ರಗಳ ಜೊತೆ ಕೆಲಸ ಮಾಡುವವನಿಗೆ ಅದು ಅನುಕೂಲ. ಅವು ಮಾತಿಗೆ ಮಣಿಯುವುದಿಲ್ಲ. ಈ ಕೊನೆಯ ಸಂಗತಿಯನ್ನು ತಾವೂ ಗಮನಿಸಿದ್ದರೆ ಇಷ್ಟು ದೊಡ್ಡ ಪತ್ರ ಬೇಕಾಗುತ್ತಿರಲಿಲ್ಲ.

ಗದ್ದೆಯ ಒಡತಿ ಉಚ್ಚಂಗಮ್ಮನವರಿಗೆ ರೋಗದ ಸಾಲಿನ ಮರ್ಮವನ್ನು ಒಪ್ಪಿಸಲು ನನಗೆ ಸ್ವಲ್ಪ ಸಮಯ ಹಿಡಿಯಿತು. ರೋಗ ಬೇಗ ಹತ್ತಲೆಂದು ಆ ಸಾಲಿಗೆ ಯೂರಿಯಾವನ್ನು ಧಾರಾಳವಾಗಿ ಕೊಡುತ್ತಿದ್ದೆವು. ಎಲೆ ಒಣಗದಂತೆ ಮುಂಜಾನೆ, ಸಂಜೆ ತುಂತುರು ನೀರು ಹೊಡೆಯುತ್ತಿದ್ದೆವು. ಆಕೆ ಬದುವಿನ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೆಲವು ದಿನ ನೋಡಿದರು. ಆಮೇಲೆ ಕೇಳಿದರು:

“ಇದೊಂದು ಸಾಲಿಗೆ ಯಾಕ್ರಿ ಇಷ್ಟು ಉಪಚಾರ? ಹೊಸ ಅಳಿಯಗ ಮಾಡಿದಂಗ ಮಾಡಾಕತ್ತೀರಿ.”

“ಇದಕ್ಕೆ ರೋಗ ಬರಬೇಕು, ಅಮ್ಮ. ಎಷ್ಟು ಕೊಟ್ಟರೂ ಇದರಿಂದ ಒಂದು ಸೇರು ಭತ್ತವೂ ಸಿಗುವುದಿಲ್ಲ.”

“ಹಂಗಾದ್ರ ಅಳಿಯನೇ ಬಿಡ್ರಿ.”

ಅಂದಿನಿಂದ ಆಕೆ ಆ ಸಾಲನ್ನು ಅಳಿಯ ಎಂದೇ ಕರೆದರು. ಪ್ರತಿದಿನ ಗದ್ದೆಗೆ ಹೋಗಿ ಎಲೆ ಎತ್ತಿ ನೋಡಿದರು. ಒಂದು ಬೆಳಿಗ್ಗೆ ನನ್ನ ಫೋನ್ ಬಡಿದುಕೊಂಡಿತು. “ಬಂತ್ರಿ. ನೀವು ಹೇಳಿದಂಗೇ ಬಂದೈತಿ. ಎಲಿ ಮ್ಯಾಲ ಚುಕ್ಕಿ, ನೂಲು ತೆಗಿಯೋ ಕದಿರಿನ ಆಕಾರ, ನಡುವ ಬೂದಿ ಬಣ್ಣ, ಸುತ್ತ ಕೆಂಪು ಅಂಚು.” ಗದ್ದೆಗೆ ರೋಗ ಬಂತೆಂದು ರೈತರೊಬ್ಬರು ಸಂತೋಷದಿಂದ ಫೋನ್ ಮಾಡಿದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಆಕೆಯ ಸಂತೋಷಕ್ಕೆ ಕಾರಣವಿತ್ತು. ಪರೀಕ್ಷೆ ಶುರುವಾಗುವ ಮೊದಲೇ ಆಕೆ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರು: “ಈ ಹೊಸ ಭತ್ತ ನಾ ಹಾಕ್ಲೇನ್ರಿ, ಬ್ಯಾಡೇನ್ರಿ?” ಅವರ ಮನೆಯಲ್ಲಿ ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ಭತ್ತದ ಬೀಜವಿದೆ. ಅದಕ್ಕೂ ಆಗೊಮ್ಮೆ ಈಗೊಮ್ಮೆ ತೆನೆಯ ಕುತ್ತಿಗೆಯ ಹತ್ತಿರ ಬೆಂಕಿ ರೋಗ ಬರುತ್ತದೆ. ಆದರೆ ಎಷ್ಟು ಬರುತ್ತದೆ, ಯಾವ ವರ್ಷ ಬರುತ್ತದೆ ಎಂಬುದು ಅವರಿಗೆ ಗೊತ್ತು. ತಮ್ಮ ಷರತ್ತಿನಂತೆ ಇಡೀ ಗದ್ದೆಗೆ ಹೊಸ ತಳಿ ಹಾಕಿದರೆ ಹಳೆಯ ಬೀಜ ಆ ವರ್ಷ ಬಿತ್ತನೆಯಾಗದೆ ಚೀಲದಲ್ಲೇ ಉಳಿಯುತ್ತದೆ. ಭತ್ತದ ಬೀಜ ಮನೆಯ ಮೂಲೆಯಲ್ಲಿ ಒಂದು ಬೇಸಿಗೆ ಹೆಚ್ಚು ಕಳೆದರೆ ಮೊಳಕೆ ಕುಗ್ಗುತ್ತದೆ. ಅಂದರೆ ಹೊಸದು ಕೈಕೊಟ್ಟರೆ ಹಿಂದಿರುಗಲು ಹಳೆಯದು ಇರುವುದಿಲ್ಲ. ಆಕೆಯ ಪ್ರಶ್ನೆಗೆ ಉತ್ತರ ಹೇಳುವ ಕೆಲಸವನ್ನು ನಾನು ಅಳಿಯನಿಗೆ ಒಪ್ಪಿಸಿದ್ದೆ. ತಾವು ಅಳಿಯನನ್ನೇ ಕಿತ್ತು ಬದುವಿನ ಮೇಲೆ ಒಗೆದಿರಿ.

ಅದು ನಡೆದ ದಿನ ನಾನು ಮಡಕಶಿರದ ಆಚೆ, ಅಮರಾಪುರದಲ್ಲಿದ್ದೆ. ನನ್ನ ಹೆಂಡತಿಯ ತಮ್ಮ ಕಾಟಪ್ಪನ ಮಗಳ ನಾಮಕರಣ. ಕಾಟಪ್ಪ ರಾಗಿ, ಶೇಂಗಾ ಬೆಳೆಯುವವನು; ನನ್ನ ಕೆಲಸದ ಬಗ್ಗೆ ಅವನಿಗೆ ಮೊದಲಿನಿಂದಲೂ ಗೌರವ ಕಡಿಮೆ. ಊಟಕ್ಕೆ ಕೂತಾಗ ರೋಗದ ಸಾಲಿನ ಮಾತು ಬಂತು.

“ಅಲ್ಲ ಭಾವ, ರೋಗ ಬರ್ಲಿ ಅಂತ ಗೊಬ್ರ ಹಾಕ್ತೀರಾ? ನಮ್ಮೂರಾಗೆ ಹಿಂಗ್ ಮಾಡಿದ್ರೆ ಕಟ್ಟೆ ಮ್ಯಾಲೆ ಕೂರ್ಸಿ ತಲೆಗೆ ನಿಂಬೆಹಣ್ಣು ತಿಕ್ತಾರೆ.”

“ಕಳ್ಳನನ್ನು ಕರೆಯದೆ ಬೀಗವನ್ನು ಪರೀಕ್ಷಿಸುವುದು ಹೇಗಪ್ಪಾ?”

“ಆಯ್ತು. ಆ ಕಳ್ಳ ನಮ್ ರಾಗಿಗೂ ಬತ್ತಾನಾ?”

ರಾಗಿಯ ಬೆಂಕಿ ರೋಗ ಮತ್ತು ಭತ್ತದ ಬೆಂಕಿ ರೋಗ ಎರಡೂ ಒಂದೇ ಮನೆತನದ ಶಿಲೀಂಧ್ರಗಳು. ಆದರೆ ಅವು ದಾಯಾದಿಗಳಿದ್ದ ಹಾಗೆ, ಸಾಮಾನ್ಯವಾಗಿ ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂರುವುದಿಲ್ಲ ಎಂದು ಹೇಳಿದೆ. ಅವನಿಗೆ ಸಮಾಧಾನವಾಯಿತು. “ನಾವೀಗ ಬ್ಯಾರೆ ಜಿಲ್ಲೆ ಬಿಡಿ ಭಾವ, ನಿಮ್ ರೋಗಕ್ಕೆ ಇಲ್ಲಿ ಪರ್ಮಿಷನ್ ಇಲ್ಲ” ಎಂದು ಪಾಯಸ ಬಡಿಸಿದ. ಜಿಲ್ಲೆಯ ಗಡಿ ಬದಲಾದದ್ದನ್ನು ಶಿಲೀಂಧ್ರಗಳಿಗೆ ಯಾರೂ ತಿಳಿಸಿಲ್ಲವೆಂದು ನಾನು ಹೇಳಬಹುದಿತ್ತು. ಪಾಯಸ ಚೆನ್ನಾಗಿತ್ತು, ಇನ್ನೊಂದು ಸೌಟು ಹಾಕಿಸಿಕೊಂಡೆ.

ಮರುದಿನ ಮುಂಜಾನೆಯ ಬಸ್ಸು ಹಿಡಿದು ಗದ್ದೆಗೆ ಬರುವಷ್ಟರಲ್ಲಿ ಗಣ್ಯರ ವಾಹನಗಳು ಬಂದಿದ್ದವು. ಗದ್ದೆ ಮದುವೆಗೆ ಹೆಣ್ಣು ನೋಡಲು ಬರುವ ದಿನದ ಮನೆಯ ಹಾಗೆ ಕಾಣುತ್ತಿತ್ತು. ಎಲ್ಲೂ ಒಂದು ಚುಕ್ಕೆ ಇಲ್ಲ. ರೋಗದ ಸಾಲು ಇರಬೇಕಾದಲ್ಲೆಲ್ಲ ಹಸಿರು ಪೈರು ಸೆಟೆದು ನಿಂತಿತ್ತು. ತಮ್ಮ ಕಚೇರಿಯ ಕ್ಷೇತ್ರ ಸಹಾಯಕ ಮಾರೇಶ್ ಅವರನ್ನು ಪಕ್ಕಕ್ಕೆ ಕರೆದು ಇದೇನೆಂದು ಕೇಳಿದೆ.

“ಸಾರು ಹೇಳಿದ್ರು, ಕಿತ್ತಿವ್ರಿ. ಕಿತ್ತ ಮ್ಯಾಲ ಬಾಯಾಗ ಹಲ್ಲು ಉದುರಿದಂಗ ಕಾಣಾಕತ್ತಿತ್ತು. ಅದಕ್ಕ ಹಲ್ಲು ಕಟ್ಟಿಸಿದ್ವಿ.”

ಮಾರೇಶ್ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿ ಮಾಡುವವರು. ಆ ಹಲ್ಲಿನ ಸೆಟ್ಟು ನಿಜಕ್ಕೂ ಸುಂದರವಾಗಿತ್ತು. ಗಣ್ಯರು ಭಾವಚಿತ್ರಕ್ಕೆ ಆರಿಸಿಕೊಂಡದ್ದೂ ಸರಿಯಾಗಿ ಅದೇ ಸಾಲನ್ನು. ಅವರು ಪ್ರೀತಿಯಿಂದ ಪೈರಿನ ಒಂದು ಹಿಡಿಯನ್ನು ಸವರಿದರು. ಅದು ವಾಲಿತು. ಮಾರೇಶ್ ಒಂದು ಹೆಜ್ಜೆ ಮುಂದಿಟ್ಟು ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿದು ನಿಂತರು. “ಕಾಂಡ ಬಹಳ ಮೃದುವಾಗಿದೆಯಲ್ಲ?” ಎಂದು ಗಣ್ಯರು ಕೇಳಿದರು. “ಅದು ನಿರೋಧಕ ಶಕ್ತಿಯ ಲಕ್ಷಣ, ಸರ್” ಎಂದಿರಿ ತಾವು. ನಾನು ಓದಿದ ಸಸ್ಯರೋಗ ಶಾಸ್ತ್ರದಲ್ಲಿ ಈ ಲಕ್ಷಣದ ಪ್ರಸ್ತಾಪವಿಲ್ಲ. ಶಾಸ್ತ್ರ ಬೆಳೆಯುತ್ತಿರುತ್ತದೆ, ನಿಜ. ಒಂದು ಮೊಣಕಾಲಿನ ಆಸರೆಯ ಮೇಲೆ ಇಷ್ಟು ದೂರ ಬೆಳೆದೀತೆಂದು ಊಹಿಸಿರಲಿಲ್ಲ.

ವಾಹನಗಳು ಹೋದ ಮೇಲೆ ನಾನು ತಮ್ಮನ್ನು ಕೇಳಿದೆ. ತಾವು ಸಿಟ್ಟಾಗಲಿಲ್ಲ, ಅದನ್ನು ಇಲ್ಲಿ ದಾಖಲಿಸಬೇಕು. ನಗುತ್ತಲೇ “ಚೂಡಡಾನಿಕಿ ಬಾಗುಂಡಾಲಿ ಕದಂಡೀ” ಎಂದಿರಿ. ನೋಡಲು ಚೆನ್ನಾಗಿರಬೇಕಲ್ಲವೇ. ಹೌದು, ಮಾನ್ಯರೇ, ಪ್ರದರ್ಶನ ನೋಡಲು ಚೆನ್ನಾಗಿರಬೇಕು. ಆದರೆ ಇದು ಪರೀಕ್ಷೆಯಾಗಿತ್ತು. ಶಾಲಾ ತಪಾಸಣೆಯ ದಿನ ಪ್ರಶ್ನೆಪತ್ರಿಕೆಯನ್ನು ಕಸದ ಬುಟ್ಟಿಗೆ ಹಾಕಿ, ಒಬ್ಬ ವಿದ್ಯಾರ್ಥಿಯೂ ತಪ್ಪು ಉತ್ತರ ಬರೆದಿಲ್ಲವೆಂದು ಇಡೀ ತರಗತಿಯನ್ನು ತೇರ್ಗಡೆ ಮಾಡಿದರೆ ತಾವು ಒಪ್ಪುವಿರಾ? ರೋಗವೇ ಇಲ್ಲದ ಗದ್ದೆಯಲ್ಲಿ ರೋಗ ಬರದ ಪೈರಿಗೆ ಏನೆಂದು ಅಂಕ ಕೊಡುವುದು? ಔಷಧ ಹೊಡೆದ ಮೇಲೆ ನಿಂತದ್ದು ತಳಿಯ ಗುಣವೋ, ಔಷಧದ ಗುಣವೋ? ಬೆಂಕಿ ರೋಗವನ್ನು ಅಳೆಯುವ ಕ್ರಮದಲ್ಲಿ ಸೊನ್ನೆ ಎಂದರೆ ಅತ್ಯುತ್ತಮ. ತಮ್ಮ ವರದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳಿವೆ. ಅವನ್ನು ನಾನೂ ಒಪ್ಪುತ್ತೇನೆ. ಪರೀಕ್ಷೆ ಎಷ್ಟು ನಡೆಯಿತು ಎಂಬುದಕ್ಕೆ ಅವು ಸರಿಯಾದ ಅಂಕಗಳು.

ಆಗ ತಾವು ಇನ್ನೊಂದು ಮಾತು ಹೇಳಿದಿರಿ: “ರೋಗ ತಡೆಯುವ ಜೀನ್ ಇದೆಯೆಂದು ತಳಿಯ ಕರಪತ್ರದಲ್ಲೇ ಅಚ್ಚಾಗಿದೆಯಲ್ಲ, ಮತ್ತೆ ಪರೀಕ್ಷೆ ಯಾಕೆ?” ಇದು ಗಂಭೀರವಾದ ಪ್ರಶ್ನೆ, ಗಂಭೀರವಾಗಿಯೇ ಉತ್ತರಿಸುತ್ತೇನೆ. ತಾವು ಹಂಚಲಿರುವ ತಳಿಯಲ್ಲಿ ಬೆಂಕಿ ರೋಗವನ್ನು ತಡೆಯುವ ಜೀನ್ ಇರುವುದು ನಿಜ. ಎಲೆಯನ್ನು ಪರಿಚಯದ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಂಡಿದ್ದೇನೆ. ಜೀನ್ ಒಂದಿದೆ. ಒಂದೇ ಇದೆ. ಕರಪತ್ರ ಸುಳ್ಳು ಹೇಳಿಲ್ಲ, ಅರ್ಧಕ್ಕೆ ನಿಲ್ಲಿಸಿದೆ.

ಒಂದು ಜೀನ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮದುವೆ ಮಂಟಪದ ಉದಾಹರಣೆಯಿಂದ ಹೇಳಬಹುದು. ಊಟದ ಮನೆಯ ಬಾಗಿಲಲ್ಲಿ ಒಬ್ಬ ಹಿರಿಯರನ್ನು ಕೂರಿಸಿದ್ದೀರಿ ಎಂದುಕೊಳ್ಳಿ. ಕರೆಯದೆ ಬಂದು ಉಣ್ಣುವವನೊಬ್ಬನ ಗುರುತು ಅವರಿಗೆ ಚೆನ್ನಾಗಿ ಗೊತ್ತು: ದಪ್ಪ ಮೀಸೆ. ಮೀಸೆ ಕಂಡೊಡನೆ ಅವರು ಕೂಗು ಹಾಕುತ್ತಾರೆ, ಅಡುಗೆಯವರೆಲ್ಲ ಸೌಟು ಹಿಡಿದು ಓಡಿಬರುತ್ತಾರೆ, ಆಸಾಮಿ ಪರಾರಿ. ಭತ್ತದ ನಿರೋಧಕ ಜೀನ್ ಮಾಡುವುದು ಬಹುಮಟ್ಟಿಗೆ ಇದನ್ನೇ: ಶಿಲೀಂಧ್ರದ ಒಂದು ನಿರ್ದಿಷ್ಟ ಗುರುತನ್ನು ಹಿಡಿದು ಇಡೀ ಗಿಡವನ್ನು ಎಚ್ಚರಿಸುತ್ತದೆ. ಈಗ ಆಸಾಮಿ ಮೀಸೆ ಬೋಳಿಸಿಕೊಂಡು ಬಂದರೆ? ಹಿರಿಯರು ತಾವಾಗಿಯೇ ಎದ್ದು ನಮಸ್ಕರಿಸಿ ಒಳಗೆ ಕಳಿಸುತ್ತಾರೆ. ಶಿಲೀಂಧ್ರ ಬೇಕೆಂದು ಮೀಸೆ ಬೋಳಿಸಿಕೊಳ್ಳುವುದಿಲ್ಲ; ಅದರ ಲಕ್ಷಾಂತರ ಸಂತತಿಯಲ್ಲಿ ಯಾವುದೋ ಒಂದು ಮೀಸೆಯಿಲ್ಲದೆ ಹುಟ್ಟುತ್ತದೆ, ಅಷ್ಟೇ. ಆ ಒಂದಕ್ಕೆ ಬಾಗಿಲು ತೆರೆದಿದೆ, ಊಟ ಸಿದ್ಧವಿದೆ.

ಆದ್ದರಿಂದ ಬೇರೆ ರಾಜ್ಯದ ಯಾವುದೋ ಕೇಂದ್ರದಲ್ಲಿ ಈ ತಳಿ ಗೆದ್ದಿತೆಂದರೆ, ಆ ಕಡೆಯವರಿಗೆ ಮೀಸೆಯಿದೆ ಎಂದರ್ಥ. ಕಣೇಕಲ್ ಬಯಲಿನ ಶಿಲೀಂಧ್ರಗಳಿಗೆ ಮೀಸೆಯಿದೆಯೋ ಇಲ್ಲವೋ ಎಂಬುದನ್ನು ಕಣೇಕಲ್ ಬಯಲಿನಲ್ಲೇ ನೋಡಬೇಕು. ರೋಗದ ಸಾಲು ಇದ್ದದ್ದು ಅದಕ್ಕೆ. ಎರಡು ಮೂರು ಜೀನ್‌ಗಳನ್ನು ಒಂದೇ ತಳಿಗೆ ಕೂಡಿಸಿದರೆ ಬಾಗಿಲಲ್ಲಿ ಮೂವರು ಹಿರಿಯರು ಕೂತಂತೆ: ಒಬ್ಬರಿಗೆ ಮೀಸೆ ಗೊತ್ತು, ಒಬ್ಬರಿಗೆ ನಡಿಗೆ ಗೊತ್ತು, ಇನ್ನೊಬ್ಬರಿಗೆ ಚಪ್ಪಲಿ ಗೊತ್ತು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಕೊಂಡು ಬರುವುದು ಕಷ್ಟ. ತಾವು ಹಂಚಹೊರಟಿರುವ ತಳಿಗೆ ಒಬ್ಬರೇ ಹಿರಿಯರು. ಅವರು ಅಸಮರ್ಥರೆಂದು ನಾನು ಹೇಳುತ್ತಿಲ್ಲ. ಅವರ ಕಣ್ಣು ನಮ್ಮೂರಿನವರನ್ನು ಹಿಡಿಯುತ್ತದೆಯೇ ಎಂದು ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ. ನನಗೆ ಗೊತ್ತಿಲ್ಲವೆಂಬುದು ನನಗೆ ಗೊತ್ತು, ಸದ್ಯಕ್ಕೆ ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ. ಇಷ್ಟರ ಮೇಲೆ ಕಾಲುವೆಯ ಕೊನೆಯ ಪ್ರತಿ ಮಂಟಪದ ಬಾಗಿಲಿಗೂ ಅವರೊಬ್ಬರನ್ನೇ ಕೂರಿಸಬೇಕೆಂದು ಷರತ್ತು ಹಾಕಿದ್ದೀರಿ. ಒಂದು ಕಡೆ ಒಳಗೆ ಬಂದವನು ಎಲ್ಲ ಕಡೆಯೂ ಒಳಗೆ ಬರುತ್ತಾನೆ. ಇದಕ್ಕಿಂತ ಒಳ್ಳೆಯ ಆಮಂತ್ರಣ ಪತ್ರಿಕೆಯನ್ನು ಶಿಲೀಂಧ್ರವೇ ಅಚ್ಚು ಹಾಕಿಸಲಾರದು.

ಬೇರಿಲ್ಲದ ಪೈರು ಬೇಗನೆ ಬಾಡಿತು. ಉಚ್ಚಂಗಮ್ಮನವರು ಅದನ್ನು ಕೆಸರಿನಿಂದ ಎತ್ತಿ, ತೊಳೆದು, ಎಮ್ಮೆಗೆ ಹಾಕಿದರು. ಔಷಧ ಬೇರೆ ಸಾಲುಗಳಿಗೆ ಬಿದ್ದದ್ದು, ಇದಕ್ಕಲ್ಲ ಎಂದು ಮಾರೇಶ್ ಅವರಿಂದ ಮೊದಲೇ ಕೇಳಿ ತಿಳಿದುಕೊಂಡಿದ್ದರು. ಆಮೇಲೆ ನನ್ನ ಕೋಣೆಗೆ ಬಂದರು.

“ಅಳಿಯನ ಜಾಗದಾಗ ನಿಂತಿದ್ದನ್ನ ಎಮ್ಮಿ ತಿಂತ್ರಿ. ಎಮ್ಮಿಗೂ ಬೆಂಕಿ ರೋಗ ಬಂದಿಲ್ಲ. ಅದನ್ನೂ ನಿರೋಧಕ ಅಂತ ಬರಕೊಳ್ರಿ ಅಂತ ಹೇಳ್ರಿ ನಿಮ್ಮ ಸಾಹೇಬ್ರಿಗೆ.”

“ಹೇಳುತ್ತೇನೆ.”

“ಅದಿರ್ಲಿ. ನಾ ಕೇಳಿದ್ದಕ್ಕ ನೀವು ಏನೂ ಹೇಳ್ಲಿಲ್ಲ. ಹಾಕ್ಲೇನ್ರಿ, ಬ್ಯಾಡೇನ್ರಿ?”

“ಗೊತ್ತಿಲ್ಲ, ಅಮ್ಮ.”

“ಇಷ್ಟು ದಿನ ನನ್ನ ಗದ್ದ್ಯಾಗ ಓಡಾಡಿ ಗೊತ್ತಿಲ್ಲ ಅಂದ್ರ ಹೆಂಗ್ರಿ? ಚಹಾ ಎಷ್ಟು ಕುಡಿಸಿಲ್ಲ ನಾನು?”

ಮುಂಗಾರು ಹತ್ತಿರ ಬರುತ್ತಿದೆ. ತಮ್ಮ ಬೀಜದ ಚೀಲಗಳು ಗೋದಾಮಿಗೆ ಬಂದಿವೆ ಎಂದು ಕೇಳಿದ್ದೇನೆ. ಕಳೆದ ವಾರ ಆಕೆ ಮತ್ತೆ ಬಂದು ಅದೇ ಪ್ರಶ್ನೆ ಕೇಳಿ ಹೋದರು. ಈ ಸಲ ಚಹಾದ ಮಾತೆತ್ತಲಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ಹೇಳುತ್ತೇನೆ. ಕಳೆದ ವರ್ಷದ ವರದಿಯನ್ನು ಹಿಂದಕ್ಕೆ ಪಡೆಯಿರಿ; ಅದರ ಬದಲು ‘ಪರೀಕ್ಷೆ ನಡೆದಿಲ್ಲ’ ಎಂದು ಬರೆಯಿರಿ. ಹಾಗೆ ಬರೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮಳೆ ಬಂದು ಆಟ ನಿಂತಿತೆಂದು ಬರೆದಂತೆ, ಅಷ್ಟೇ. ಇಡೀ ಗದ್ದೆಗೆ ಒಂದೇ ತಳಿ ಎಂಬ ಷರತ್ತನ್ನು ತೆಗೆಯಿರಿ. ಬೇಕಾದವರು ಗದ್ದೆಯ ಒಂದು ಮಡಿಯಲ್ಲಿ ಹೊಸದನ್ನು ಹಾಕಿ ನೋಡಲಿ, ಉಳಿದ ಕಡೆ ಮನೆಯ ಹಳೆಯ ಬೀಜವನ್ನೇ ಬಿತ್ತಲಿ. ಚೀಲದ ಮೇಲೆ ‘ಈ ಭಾಗದ ಬೆಂಕಿ ರೋಗದೆದುರು ಇನ್ನೂ ಪರೀಕ್ಷೆಯಾಗಿಲ್ಲ’ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿರಿ. ಈ ಮುಂಗಾರಿನಲ್ಲಿ ಪರೀಕ್ಷೆಯನ್ನು ಮತ್ತೆ ನಡೆಸಿರಿ. ಗಣ್ಯರು ಬರುವುದಿದ್ದರೆ ಬರಲಿ, ಸ್ವಾಗತ. ರೋಗದ ಸಾಲಿನ ಪಕ್ಕದಲ್ಲಿ ನಿಲ್ಲಿಸಿ ಅದು ಏಕೆ ಹಾಗಿದೆಯೆಂದು ಹೇಳಿರಿ. ಬೇಕಾದರೆ ಹೇಳಲು ಉಚ್ಚಂಗಮ್ಮನವರನ್ನೇ ಕರೆಯಿರಿ. ಅಳಿಯನ ವಿಷಯದಲ್ಲಿ ಅವರು ನನಗಿಂತ ನಿರರ್ಗಳವಾಗಿ ಮಾತನಾಡುತ್ತಾರೆ.

ತಾವು ಇದನ್ನು ಮಾಡುವಿರೆಂಬ ನಂಬಿಕೆಯಿಂದ ಬರೆದಿದ್ದೇನೆ. ಮಾಡದಿದ್ದರೂ ಮುಂಗಾರು ಬರುತ್ತದೆ, ಆಕೆ ಏನನ್ನಾದರೂ ಬಿತ್ತಲೇಬೇಕು. ಹಾಗಾಗಿ ನನ್ನ ತೀರ್ಮಾನವನ್ನು ತಿಳಿಸಿ ಮುಗಿಸುತ್ತೇನೆ. ಉಚ್ಚಂಗಮ್ಮನವರ ಪ್ರಶ್ನೆಗೆ ನಿನ್ನೆ ಉತ್ತರ ಕೊಟ್ಟೆ: ಈ ವರ್ಷ ಬೇಡ, ನಿಮ್ಮ ಅತ್ತೆಯ ಬೀಜವನ್ನೇ ಹಾಕಿ. ಆಕೆ ಗದ್ದೆಯ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ; ಅದರ ಸುತ್ತ ಮೂರು ಕಡೆ ಈ ರೋಗ ತಾಗದ ಜೋಳ ಬರಲಿದೆ, ನಾಲ್ಕನೆಯ ಕಡೆ ಅವರದೇ ಭತ್ತ, ರೋಗ ಹರಡುವ ಆ ಅಪಾಯ ತನ್ನದೇ ಇರಲಿ ಎಂದಿದ್ದಾರೆ. ಅಲ್ಲಿ ತಮ್ಮ ಹೊಸ ತಳಿಯನ್ನು ನೆಡುತ್ತೇನೆ. ಅದರ ಎರಡೂ ಪಕ್ಕಕ್ಕೆ ರೋಗದ ಸಾಲನ್ನು ನೆಡುತ್ತೇನೆ. ಔಷಧ ಹೊಡೆಯುವುದಿಲ್ಲ. ಹೊಸ ತಳಿ ಗೆದ್ದರೂ ಸೋತರೂ ಫಲಿತಾಂಶವನ್ನು ಇದೇ ಪತ್ರಿಕೆಗೆ ಕೊಡುತ್ತೇನೆ. ಪೈರು ತೆನೆಗೆ ಬರುವವರೆಗೆ ನಾನು ಯಾವ ನಾಮಕರಣಕ್ಕೂ ಹೋಗುವುದಿಲ್ಲ.

ಇಂತಿ,
ವೀಕ್ಷಿಸಲು ಏನೂ ಉಳಿಯದ ಕಾರಣ ಸದ್ಯ ಬಿಡುವಾಗಿರುವ ತಮ್ಮ ತಾಂತ್ರಿಕ ವೀಕ್ಷಕ,
ಮೂಡಲಗಿರಿಯಪ್ಪ
ರಾಯದುರ್ಗ